ಮನೆತನದ ಕಾಯಿಲೆ ಮನೆಯ ಗುಟ್ಟೇ?

ಸಂಬಂಧ ಬೆಳೆಸುವಾಗ ನಮ್ಮಲ್ಲಿ ಗೋತ್ರ ಕೇಳುತ್ತಾರೆ, ನಕ್ಷತ್ರ ಕೇಳುತ್ತಾರೆ, ಈಚೆಗೆ ವೀಸಾ ಯಾವುದೆಂದೂ ಕೇಳುತ್ತಾರೆ. ಮನೆತನದಲ್ಲಿ ಎಳೆಯ ವಯಸ್ಸಿಗೇ ತೀರಿಕೊಂಡ ಮಕ್ಕಳುಂಟೇ, ಇದ್ದರೆ ಯಾವ ಕಾಯಿಲೆಯಿಂದ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳುವವರಿಲ್ಲ. "ಏನೋ ಜ್ವರ ಬಂದಿತ್ತಂತೆ", "ದೃಷ್ಟಿ ತಾಗಿತ್ತಂತೆ", "ಅದರ ಋಣ ಅಷ್ಟೇ ಇತ್ತು" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಹೀಗೆ ಮುಗಿಸುವುದರ ಹಿಂದೆ ಕೆಟ್ಟ ಬುದ್ಧಿಯೇನೂ ಇಲ್ಲ. ಮಗುವನ್ನು ಕಳೆದುಕೊಂಡ ತಾಯಿಯ ಗಾಯವನ್ನು ಕೆದಕಬಾರದೆಂಬ ಸೌಜನ್ಯವಿದೆ, ಉಳಿದ ಮಕ್ಕಳ ಮದುವೆಗೆ ಅಡ್ಡಿಯಾಗಬಾರದೆಂಬ ಎಚ್ಚರವಿದೆ. ಒಂದು ಕಾಲಕ್ಕೆ ಈ ಮೌನದಿಂದ ಯಾರಿಗೂ ಹೆಚ್ಚಿನ ನಷ್ಟವಿರಲಿಲ್ಲ. ಗೊತ್ತಿದ್ದರೂ ಮಾಡುವಂಥದ್ದು ಏನೂ ಇರಲಿಲ್ಲವಲ್ಲ!

ಈಗ ಆ ಮಾತು ಪೂರ್ತಿ ನಿಜವಲ್ಲ. ಕೆಲವು ಆನುವಂಶಿಕ ಕಾಯಿಲೆಗಳಿಗೆ ಜೀನ್ ಚಿಕಿತ್ಸೆ ಬಂದಿದೆ, ಇನ್ನು ಕೆಲವಕ್ಕೆ ಪ್ರಯೋಗಗಳು ನಡೆದಿವೆ. ಮಿದುಳನ್ನು ತಿನ್ನುವ ಕಾಯಿಲೆಗಳಲ್ಲಿ ಈ ಚಿಕಿತ್ಸೆಗೆ ಒಂದು ಕಠಿಣ ಷರತ್ತಿದೆ. ಕಾಯಿಲೆಯ ಲಕ್ಷಣ ಕಾಣಿಸುವ ಮೊದಲೇ, ಅಥವಾ ಕಾಣಿಸಿದ ಹೊಸದರಲ್ಲೇ ಅದನ್ನು ಕೊಡಬೇಕು. ಮಗು ಆಡಿಕೊಂಡು ಚೆನ್ನಾಗಿರುವಾಗಲೇ ಅದಕ್ಕೆ ಕಾಯಿಲೆಯಿದೆಯೆಂದು ತಿಳಿಯಬೇಕಾದರೆ ಯಾರಾದರೂ ಮೊದಲೇ ಎಚ್ಚರಿಸಿರಬೇಕು. ಹಾಗಾದರೆ, ಮನೆತನದ ಕಾಯಿಲೆಯನ್ನು ಮುಚ್ಚಿಡುವ ಹಕ್ಕು ನಮಗೆ ಇನ್ನೂ ಇದೆಯೇ? ಈ ಪ್ರಶ್ನೆಯನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ. ನಾವು ವೈದ್ಯರಲ್ಲ, ಕಂಪ್ಯೂಟರ್ ಮುಂದೆ ಕೂತು ಹೊಟ್ಟೆ ಹೊರೆಯುವವರು. ಆದರೆ ಇದು ವೈದ್ಯರು ಮಾತ್ರ ಉತ್ತರಿಸಬೇಕಾದ ಪ್ರಶ್ನೆಯೂ ಅಲ್ಲ.

ಮೊದಲು ಕಾಯಿಲೆ ಎಂಥದ್ದೆಂದು ನೋಡೋಣ. ನಮ್ಮ ದೇಹದ ಜೀವಕೋಶಗಳೊಳಗೆ ಸಣ್ಣ ಸಣ್ಣ ಚೀಲಗಳಿವೆ. ಬೆಲ್ಜಿಯಂನ ವಿಜ್ಞಾನಿ ಕ್ರಿಸ್ಟಿಯಾನ್ ದ ದ್ಯೂವ್ 1955ರಲ್ಲಿ ಅವಕ್ಕೆ ಲೈಸೋಸೋಮ್ ಎಂದು ಹೆಸರಿಟ್ಟರು. 1974ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಬಂತು. ಸವೆದು ಹಳತಾದ ವಸ್ತುಗಳನ್ನು ಒಡೆದು, ಬಳಸಬಹುದಾದುದನ್ನು ಮತ್ತೆ ಬಳಕೆಗೆ ಕೊಡುವುದು ಈ ಚೀಲಗಳ ಕೆಲಸ. ಒಂದೊಂದು ಬಗೆಯ ವಸ್ತುವನ್ನು ಒಡೆಯಲು ಒಂದೊಂದು ಕಿಣ್ವ ಬೇಕು. ಯಾವುದೋ ಒಂದು ಕಿಣ್ವದ ಜೀನ್ ಕೆಟ್ಟಿದ್ದರೆ ಆ ಒಂದು ವಸ್ತು ಕರಗದೆ ದಿನದಿನಕ್ಕೂ ಶೇಖರವಾಗುತ್ತ ಹೋಗುತ್ತದೆ. ಊರಿನ ಕಸ ಎತ್ತುವವರು ಬಾರದಿದ್ದರೆ ಮೊದಲ ದಿನ ಏನೂ ಗೊತ್ತಾಗುವುದಿಲ್ಲ, ತಿಂಗಳಾದ ಮೇಲೆ ಬೀದಿಯಲ್ಲಿ ನಡೆಯುವುದಕ್ಕೂ ಆಗುವುದಿಲ್ಲ. ಹಾಗೆಯೇ ಇದು. ಗೋಶೆ, ಪಾಂಪೆ, ಹರ್ಲರ್, ಹಂಟರ್, ಟೇ-ಸ್ಯಾಕ್ಸ್, ಕ್ರಾಬೆ ಎಂದು ಇಂಥ ಐವತ್ತಕ್ಕೂ ಹೆಚ್ಚು ಕಾಯಿಲೆಗಳಿವೆ. ಒಂದೊಂದೂ ಬಹಳ ಅಪರೂಪ. ಎಲ್ಲವನ್ನೂ ಸೇರಿಸಿದರೆ ಸುಮಾರು ಐದರಿಂದ ಎಂಟು ಸಾವಿರ ಹೆರಿಗೆಗೆ ಒಂದು ಮಗು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ.

ಇವುಗಳಲ್ಲಿ ಒಂದಕ್ಕೆ ಮೆಟಾಕ್ರೊಮ್ಯಾಟಿಕ್ ಲ್ಯೂಕೋಡಿಸ್ಟ್ರಫಿ ಎಂದು ಉದ್ದದ ಹೆಸರು. ವೈದ್ಯರು ಚಿಕ್ಕದಾಗಿ ಎಂಎಲ್‌ಡಿ ಎನ್ನುತ್ತಾರೆ. ನರಗಳಿಗೆ ಹೊದಿಕೆಯಾಗಿರುವ ಮೈಲಿನ್ ಎಂಬ ಪದರ ಇದರಲ್ಲಿ ನಾಶವಾಗುತ್ತದೆ. ಮಗು ಹುಟ್ಟುವಾಗ ಚೆನ್ನಾಗಿಯೇ ಇರುತ್ತದೆ. ನಗುತ್ತದೆ, ಕೂರುತ್ತದೆ, ಎಷ್ಟೋ ಸಲ ತಪ್ಪು ಹೆಜ್ಜೆ ಇಡುತ್ತ ನಡೆಯಲೂ ಕಲಿಯುತ್ತದೆ. ತೀವ್ರ ಬಗೆಯದಾದರೆ ಎರಡೂವರೆ ವರ್ಷದೊಳಗೆ ಕಾಲು ಎಡವತೊಡಗುತ್ತದೆ. ಕಲಿತ ನಡಿಗೆ ಹೋಗುತ್ತದೆ, ಕಲಿತ ಮಾತು ಹೋಗುತ್ತದೆ, ನುಂಗುವುದೂ ಕಷ್ಟವಾಗುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಇಂಥ ಮಕ್ಕಳು ಹೆಚ್ಚಾಗಿ ಬಾಲ್ಯ ದಾಟುವುದಿಲ್ಲ.

ಇದು ಬರುವ ದಾರಿಯೂ ವಿಚಿತ್ರ. ಪ್ರತಿ ಜೀನಿನ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ, ಒಂದು ತಂದೆಯದು, ಒಂದು ತಾಯಿಯದು. ಒಂದು ಕೆಟ್ಟು ಇನ್ನೊಂದು ಸರಿಯಿದ್ದರೆ ಆ ಮನುಷ್ಯ ಆರೋಗ್ಯವಾಗಿಯೇ ಇರುತ್ತಾನೆ, ವಾಹಕ ಮಾತ್ರ. ಗಂಡ ಹೆಂಡತಿ ಇಬ್ಬರೂ ಅದೇ ಜೀನಿನ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆದ್ದರಿಂದ ಕೆಟ್ಟ ಪ್ರತಿ ಎಷ್ಟೋ ತಲೆಮಾರು ಯಾರಿಗೂ ಕಾಣದೆ ಇಳಿದು ಬರಬಹುದು. ಇಲ್ಲಿ ನಮ್ಮ ಮನೆಗಳ ಒಂದು ಹಳೆಯ ಅನ್ಯಾಯವನ್ನೂ ನೆನೆಯಬೇಕು. ಮಗು ಉಳಿಯದಿದ್ದರೆ ಸೊಸೆಯ ಕಾಲ್ಗುಣ ಎಂದು ಅಂದವರೆಷ್ಟು ಮಂದಿ! ಎಂಎಲ್‌ಡಿಯಂಥ ಕಾಯಿಲೆಯಲ್ಲಿ ಗಂಡನ ಪಾಲು ಹೆಂಡತಿಯ ಪಾಲಿನಷ್ಟೇ ಇದೆ. ಹಂಟರ್ ಕಾಯಿಲೆಯಂತೆ ತಾಯಿಯ ಕಡೆಯಿಂದ ಬರುವ ಕೆಲವು ಇರುವುದು ನಿಜ. ಆದರೆ ತನ್ನ ಜೀನನ್ನು ತಾನೇ ಆರಿಸಿಕೊಂಡು ಬಂದ ತಾಯಿ ಯಾರೂ ಇಲ್ಲ.

ಇನ್ನು ಚಿಕಿತ್ಸೆಯ ವಿಷಯ. ಇದರ ಬೇರು 1968ರ ಒಂದು ಪ್ರಯೋಗದಲ್ಲಿದೆ. ಅಮೆರಿಕದ ಮೇರಿಲ್ಯಾಂಡಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಎಲಿಜಬೆತ್ ನ್ಯೂಫೆಲ್ಡ್ ಮತ್ತು ಅವರ ಸಂಗಡಿಗರು ಹರ್ಲರ್ ರೋಗಿಯ ಚರ್ಮದ ಕೋಶಗಳನ್ನೂ ಹಂಟರ್ ರೋಗಿಯ ಚರ್ಮದ ಕೋಶಗಳನ್ನೂ ಒಂದೇ ಬಟ್ಟಲಿನಲ್ಲಿ ಬೆಳೆಸಿದರು. ಎರಡೂ ಸುಧಾರಿಸಿದವು! ಒಂದರಲ್ಲಿ ಇಲ್ಲದ ಕಿಣ್ವವನ್ನು ಇನ್ನೊಂದು ಹೊರಗೆ ಬಿಟ್ಟಿತ್ತು, ಪಕ್ಕದ ಕೋಶ ಅದನ್ನು ಒಳಗೆಳೆದುಕೊಂಡಿತ್ತು. ಅಂದರೆ ದೇಹದ ಎಲ್ಲ ಕೋಶಗಳನ್ನೂ ದುರಸ್ತಿ ಮಾಡಬೇಕಿಲ್ಲ. ಕೆಲವು ಸರಿಯಾದರೆ ಅವು ನೆರೆಹೊರೆಗೆ ಹಂಚುತ್ತವೆ. ಮಿಲಾನಿನ ಸ್ಯಾನ್ ರಾಫೇಲ್ ಟೆಲಿಥಾನ್ ಸಂಸ್ಥೆಯ ವಿಜ್ಞಾನಿಗಳು ಎಂಎಲ್‌ಡಿಗೆ ಜೀನ್ ಚಿಕಿತ್ಸೆ ರೂಪಿಸಿದ್ದು ಈ ತಿಳಿವಿನ ಮೇಲೆಯೇ. ಮಗುವಿನ ರಕ್ತದ ಮೂಲಕೋಶಗಳನ್ನು ಹೊರತೆಗೆದು, ನಿರಪಾಯಗೊಳಿಸಿದ ವೈರಸ್ ಒಂದರ ಮೂಲಕ ಅವುಗಳಿಗೆ ಸರಿಯಾದ ಜೀನ್ ಸೇರಿಸುತ್ತಾರೆ. ಮಗುವಿಗೆ ಕೀಮೋ ಕೊಟ್ಟು ಮೂಳೆಮಜ್ಜೆಯಲ್ಲಿ ಜಾಗ ಮಾಡಿ, ಆ ಕೋಶಗಳನ್ನು ವಾಪಸು ಸೇರಿಸುತ್ತಾರೆ. ಅವುಗಳ ಸಂತತಿಯಲ್ಲಿ ಕೆಲವು ಮಿದುಳನ್ನು ಸೇರಿ, ಅಲ್ಲಿ ಕಿಣ್ವವನ್ನು ಹಂಚುತ್ತವೆ. ಈ ಚಿಕಿತ್ಸೆಗೆ ಯುರೋಪಿನಲ್ಲಿ 2020ರ ಡಿಸೆಂಬರಿನಲ್ಲಿ, ಅಮೆರಿಕದಲ್ಲಿ 2024ರ ಮಾರ್ಚಿನಲ್ಲಿ ಒಪ್ಪಿಗೆ ಸಿಕ್ಕಿತು. ಅಮೆರಿಕದಲ್ಲಿ ಆಗ ಪ್ರಕಟವಾದ ಬೆಲೆ 42 ಲಕ್ಷ 50 ಸಾವಿರ ಡಾಲರ್.

ಒಂದು ಮಾತು ಸ್ಪಷ್ಟವಿರಲಿ. ಇದು ಸಂಜೀವಿನಿ ಪರ್ವತವಲ್ಲ. ಕೀಮೋ ಎಳೆಯ ದೇಹಕ್ಕೆ ಹಗುರವಾದುದಲ್ಲ. ಇನ್ನೊಂದು ಕಾಯಿಲೆಗೆ ಬೇರೆ ವಿಧಾನದಿಂದ ನಡೆದ ಜೀನ್ ಚಿಕಿತ್ಸೆಯ ಪ್ರಯೋಗದಲ್ಲಿ 1999ರಲ್ಲಿ ಅಮೆರಿಕದ 18 ವರ್ಷದ ಯುವಕನೊಬ್ಬ ಪ್ರಾಣ ಕಳೆದುಕೊಂಡ ಮೇಲೆ ಈ ಕ್ಷೇತ್ರ ಬಹಳ ಕಾಲ ಹೆದರಿ ನಡೆಯಿತು. ಎಲ್ಲಕ್ಕಿಂತ ಮುಖ್ಯವಾಗಿ, ನಾಶವಾದ ನರದ ಹೊದಿಕೆಯನ್ನು ಈ ಚಿಕಿತ್ಸೆ ಮರಳಿ ಕಟ್ಟಿಕೊಡುವುದಿಲ್ಲ. ಇರುವುದನ್ನು ಕಾಯುತ್ತದೆ, ಅಷ್ಟೇ. ಆದ್ದರಿಂದಲೇ ತೀವ್ರ ಬಗೆಯ ಎಂಎಲ್‌ಡಿಯಲ್ಲಿ ಲಕ್ಷಣ ಶುರುವಾಗದ ಮಕ್ಕಳಿಗೆ ಮಾತ್ರ ಇದಕ್ಕೆ ಒಪ್ಪಿಗೆಯಿದೆ.

ಈ ಷರತ್ತಿನಿಂದ ಒಂದು ಹೃದಯ ಹಿಂಡುವ ಸಂಗತಿ ಹುಟ್ಟುತ್ತದೆ. ಚಿಕಿತ್ಸೆ ಪಡೆದ ಮಕ್ಕಳಲ್ಲಿ ಅನೇಕರ ಕಾಯಿಲೆ ಸಮಯಕ್ಕೆ ಗೊತ್ತಾದದ್ದು ಹೇಗೆ? ಅವರ ಅಕ್ಕನಿಗೋ ಅಣ್ಣನಿಗೋ ಅದೇ ಕಾಯಿಲೆ ಬಂದಿದ್ದರಿಂದ. ದೊಡ್ಡ ಮಗು ಎಡವತೊಡಗಿದಾಗ ಪರೀಕ್ಷೆ ಮಾಡಿಸಿದರು. ಕಾಯಿಲೆಯ ಹೆಸರು ತಿಳಿಯಿತು, ಆ ಮಗುವಿಗೆ ಕಾಲ ಮೀರಿತ್ತು. ಚಿಕ್ಕದನ್ನೂ ಪರೀಕ್ಷಿಸಿದರು, ಅದಕ್ಕೆ ಇನ್ನೂ ಕಾಲವಿತ್ತು. ಒಂದೇ ಮನೆಯಲ್ಲಿ ಒಂದು ಮಗು ಮಂಚ ಹಿಡಿದಿರುವಾಗ ಇನ್ನೊಂದು ಅಂಗಳದಲ್ಲಿ ಓಡಾಡುತ್ತದೆ. ಅಕ್ಕ ತಂಗಿಗೆ ಜೀವ ಕೊಟ್ಟಳು ಎಂದು ನಾವು ಸುಲಭವಾಗಿ ಹೇಳಿಬಿಡಬಹುದು. ಆದರೆ ಅಕ್ಕ ಅದಕ್ಕಾಗಿ ಹುಟ್ಟಿದವಳಲ್ಲ, ಎಚ್ಚರಿಕೆಯ ಗಂಟೆಯಾಗಲು ಅವಳು ಒಪ್ಪಿಕೊಂಡವಳೂ ಅಲ್ಲ. ಅವಳ ಸಂಕಟದಿಂದ ತಿಳಿದು ಬಂದ ಸತ್ಯವನ್ನು ನಾವು ಏನು ಮಾಡುತ್ತೇವೆ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಒಂದೇ ಮನೆಯೊಳಗಾದರೆ ಆ ಸತ್ಯ ತಾನಾಗಿ ತಿಳಿಯುತ್ತದೆ. ಪ್ರಶ್ನೆ ಇರುವುದು ಮನೆಯಿಂದ ಆಚೆ. ಬೆಂಗಳೂರಿನಲ್ಲಿ ಅಣ್ಣನ ಮಗುವಿಗೆ ಕಾಯಿಲೆ ಎಂದಿಟ್ಟುಕೊಳ್ಳಿ. ನ್ಯೂಜೆರ್ಸಿಯಲ್ಲಿರುವ ತಂಗಿ ಈಗ ಬಸುರಿ, ದುಬೈನಲ್ಲಿರುವ ಚಿಕ್ಕಪ್ಪನ ಮಗನಿಗೆ ಹೆಣ್ಣು ನೋಡುತ್ತಿದ್ದಾರೆ. "ಯಾರಿಗೂ ಹೇಳಬೇಡಿ" ಎಂದು ಅಮ್ಮ ಫೋನಿನಲ್ಲಿ ಕಣ್ಣೀರಿಡುತ್ತಾರೆ. ಅಣ್ಣ ವಾಹಕನಾದರೆ ತಂಗಿಯೂ ವಾಹಕಳಾಗಿರುವ ಸಾಧ್ಯತೆ ಸುಮಾರು ಅರ್ಧಕ್ಕೆ ಅರ್ಧ. ನಮ್ಮಲ್ಲಿ ಇನ್ನೊಂದು ವಿಶೇಷವೂ ಇದೆ. ಸಗೋತ್ರದಲ್ಲಿ ಮದುವೆ ಬೇಡ ಎನ್ನುವ ನಾವು ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುತ್ತ ಬಂದವರು. ಗೋತ್ರ ತಂದೆಯ ಕಡೆಯ ಲೆಕ್ಕ ಮಾತ್ರ ಇಡುತ್ತದೆ, ಜೀನ್ ಎರಡೂ ಕಡೆಯ ಲೆಕ್ಕ ಇಡುತ್ತದೆ. 1980ರ ದಶಕದಲ್ಲಿ ಕರ್ನಾಟಕದಲ್ಲಿ ನವಜಾತ ಶಿಶುಗಳ ಬಗ್ಗೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಒಂದು ಮದುವೆ ಸಂಬಂಧದೊಳಗಿನದೇ ಎಂದು ಕಂಡುಬಂದಿತ್ತು. ಒಬ್ಬ ಮುತ್ತಜ್ಜನ ಕೆಟ್ಟ ಜೀನ್ ಎರಡು ದಾರಿಯಿಂದ ಬಂದು ಒಂದೇ ತೊಟ್ಟಿಲಲ್ಲಿ ಸೇರುವುದಕ್ಕೆ ಇಂಥ ಮದುವೆಗಳಲ್ಲಿ ಅವಕಾಶ ಹೆಚ್ಚು. ಇದು ನಮ್ಮ ಹಿರಿಯರನ್ನು ಹಳಿಯುವ ಮಾತಲ್ಲ. ನೆಂಟರಿಗೆ ಹೇಳಬೇಕಾದ ಅಗತ್ಯ ನಮ್ಮಲ್ಲಿ ಇನ್ನೂ ಹೆಚ್ಚು ಎನ್ನುವ ಮಾತು.

ಮನೆತನದ ಮರ್ಯಾದೆಗಾಗಿ ಗುಟ್ಟು ಇಟ್ಟುಕೊಂಡವರ ಕಥೆ ನಮಗೆ ಹೊಸದಲ್ಲ. ಕುಂತಿ ಕರ್ಣನ ಹುಟ್ಟನ್ನು ಮುಚ್ಚಿಟ್ಟಳು. ಅವಳನ್ನು ದೂರುವುದು ಸುಲಭ. ಆದರೆ ಅವಳ ವಯಸ್ಸು, ಅವಳ ಕಾಲ, ಅವಳ ಭಯ ನೆನೆದರೆ ದೂರಲು ಮನಸ್ಸು ಬಾರದು. ಹೆತ್ತಾಗ ಇಟ್ಟುಕೊಂಡ ಗುಟ್ಟನ್ನು ನಾವು ಅರ್ಥ ಮಾಡಿಕೊಳ್ಳಬಹುದು. ಅರ್ಥ ಮಾಡಿಕೊಳ್ಳಲು ಕಷ್ಟವಾಗುವುದು ಮುಂದಿನದು. ಯುದ್ಧ ಎದುರಿಗೆ ನಿಂತಾಗ ಅವಳು ಕರ್ಣನಿಗೆ ಹೇಳಿದಳು, ಪಾಂಡವರಿಗೆ ಹೇಳಲಿಲ್ಲ. ಅವರಿಗೆ ಹೇಳಿದ್ದು ಯುದ್ಧ ಮುಗಿದ ಮೇಲೆ, ಗಂಗೆಯ ದಡದಲ್ಲಿ, ಸತ್ತವರಿಗೆ ತರ್ಪಣ ಬಿಡುವ ಹೊತ್ತಿನಲ್ಲಿ. ಧರ್ಮರಾಯ ದುಃಖದಿಂದ ಹೆಣ್ಣುಕುಲವನ್ನೇ ಶಪಿಸಿದನೆಂದು ಕಥೆ. ಶಾಪ ಅನ್ಯಾಯದ್ದು. ಆದರೆ ಅದರ ಹಿಂದಿನ ನೋವು ನ್ಯಾಯವಾದದ್ದು. ಆ ಸತ್ಯ ಕುಂತಿಯೊಬ್ಬಳದಾಗಿರಲಿಲ್ಲ, ಆರು ಜನ ಅಣ್ಣತಮ್ಮಂದಿರ ಬದುಕು ಅದರ ಮೇಲೆ ನಿಂತಿತ್ತು. ಬದುಕಿದ್ದವರಿಗೆ ಬೇಕಾಗಿದ್ದ ಸತ್ಯ ತರ್ಪಣದ ಹೊತ್ತಿಗೆ ಸಿಕ್ಕರೆ ಅದು ಕಣ್ಣೀರಿಗಲ್ಲದೆ ಇನ್ಯಾವುದಕ್ಕೆ ಉಪಯೋಗ?

ನಮ್ಮ ಅಭಿಪ್ರಾಯ ಇಷ್ಟು. ಆನುವಂಶಿಕ ಕಾಯಿಲೆಯ ಸುದ್ದಿ ಅದು ಕಾಣಿಸಿದ ಮನೆಯ ಸ್ವಂತ ಆಸ್ತಿಯಲ್ಲ, ಅವಿಭಕ್ತ ಕುಟುಂಬದ ಆಸ್ತಿ. ರಕ್ತ ಹಂಚಿಕೊಂಡವರಿಗೆಲ್ಲ ಅದರಲ್ಲಿ ಪಾಲಿದೆ. ಹಿತ್ತಲಲ್ಲಿ ಒಂದು ಹಾಳುಬಾವಿ ಇದೆಯೆಂದು ಗೊತ್ತಿದ್ದು, ಅಲ್ಲಿ ಆಡಲು ಬರುವ ತಮ್ಮನ ಮಕ್ಕಳಿಗೆ ಹೇಳದೆ ಇರುವುದನ್ನು ಮರ್ಯಾದೆ ಎನ್ನಲಾಗದು.

ಇದಕ್ಕೆ ಬರುವ ಆಕ್ಷೇಪಣೆಗಳು ಹಗುರವಾದವಲ್ಲ. ಮೊದಲನೆಯದು, ಹೆಣ್ಣುಮಕ್ಕಳ ಮದುವೆ. "ನೀವು ಹೇಳಿ ಹೋಗುತ್ತೀರಿ, ನಾಳೆ ನಮ್ಮ ಮಗಳಿಗೆ ಗಂಡು ಸಿಕ್ಕದಿದ್ದರೆ?" ಈ ಭಯ ನಿಜವಾದದ್ದು, ಅದನ್ನು ಹೊರುವವರು ಹೆಂಗಸರೇ ಎಂಬುದೂ ನಿಜ. ಇದಕ್ಕೆ ಇನ್ನೊಂದು ಸಮುದಾಯ ಕಂಡುಕೊಂಡ ದಾರಿಯನ್ನು ನಾವು ಗಮನಿಸಬೇಕು. ಪೂರ್ವ ಯುರೋಪ್ ಮೂಲದ ಯಹೂದಿಗಳಲ್ಲಿ ಸುಮಾರು ಮೂವತ್ತು ಜನಕ್ಕೊಬ್ಬರು ಟೇ-ಸ್ಯಾಕ್ಸ್ ವಾಹಕರು. ಅದೂ ಲೈಸೋಸೋಮ್ ಕಾಯಿಲೆಯೇ, ಮಕ್ಕಳು ನಾಲ್ಕೈದು ವರ್ಷಕ್ಕೆ ತೀರಿಕೊಳ್ಳುತ್ತಿದ್ದರು. 1971ರಲ್ಲಿ ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ಸುತ್ತಮುತ್ತ ಡಾ. ಮೈಕೆಲ್ ಕಬಾಕ್ ಅವರ ನೇತೃತ್ವದಲ್ಲಿ ವಾಹಕರ ಪರೀಕ್ಷೆ ಆರಂಭವಾಯಿತು. ಅದು ನಡೆದದ್ದು ಆಸ್ಪತ್ರೆಗಳಲ್ಲಿ ಮಾತ್ರವಲ್ಲ, ಅವರ ಪ್ರಾರ್ಥನಾ ಮಂದಿರಗಳಲ್ಲೂ. ಸಂಪ್ರದಾಯಸ್ಥರಲ್ಲಿ ನಮ್ಮಂತೆಯೇ ಮದುವೆಯ ಭಯವಿತ್ತು. ಟೇ-ಸ್ಯಾಕ್ಸ್‌ಗೆ ತಮ್ಮ ನಾಲ್ಕು ಮಕ್ಕಳನ್ನು ಕಳೆದುಕೊಂಡ ಧರ್ಮಗುರು ಜೋಸೆಫ್ ಎಕ್‌ಸ್ಟೈನ್ ಅವರು 1983ರಲ್ಲಿ ನ್ಯೂಯಾರ್ಕಿನಲ್ಲಿ ದೋರ್ ಯೆಶೋರಿಮ್ ಎಂಬ ಸಂಸ್ಥೆ ಕಟ್ಟಿದರು. ಹುಡುಗ ಹುಡುಗಿಯರ ರಕ್ತ ಪರೀಕ್ಷಿಸಿ ಅವರಿಗೆ ಒಂದು ನಂಬರ್ ಕೊಡುತ್ತಾರೆ, ಫಲಿತಾಂಶ ಹೇಳುವುದಿಲ್ಲ. ಸಂಬಂಧ ಕೂಡಿಸುವ ಮೊದಲು ಎರಡೂ ನಂಬರ್ ಕೊಟ್ಟರೆ, ಈ ಜೋಡಿಗೆ ತೊಂದರೆಯಿದೆಯೇ ಇಲ್ಲವೇ ಎಂದಷ್ಟೇ ತಿಳಿಸುತ್ತಾರೆ. ಯಾರ ಹೆಸರಿಗೂ ಕಳಂಕವಿಲ್ಲ. ಇಂಥ ಪರೀಕ್ಷೆಗಳಿಂದ ಅಮೆರಿಕ ಮತ್ತು ಕೆನಡಾದ ಆ ಸಮುದಾಯದಲ್ಲಿ ಟೇ-ಸ್ಯಾಕ್ಸ್ ಮಕ್ಕಳ ಹುಟ್ಟು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇಳಿಯಿತು. ವ್ಯಕ್ತಿಗೆ ಅವನದೇ ಫಲಿತಾಂಶ ಹೇಳದಿರುವುದು ಸರಿಯೇ ಎಂದು ಟೀಕಿಸಿದವರೂ ಇದ್ದಾರೆ, ಆ ಟೀಕೆಯಲ್ಲಿ ಹುರುಳಿದೆ. ಅದೇ ವ್ಯವಸ್ಥೆ ನಮಗೂ ಹೊಂದುತ್ತದೆಂದು ನಾವು ಹೇಳುತ್ತಿಲ್ಲ. ನಮ್ಮಲ್ಲಿ ಅಂಥ ಒಂದೇ ಕಾಯಿಲೆಯಿಲ್ಲ, ಒಂದೊಂದು ಕುಲದಲ್ಲಿ ಒಂದೊಂದು. ಆದರೆ ದೇವಸ್ಥಾನದಂಥ ಜಾಗದಲ್ಲೂ ಈ ಮಾತು ಮರ್ಯಾದೆಯಿಂದ ಆಡಬಹುದೆಂದು ಅವರು ತೋರಿಸಿಕೊಟ್ಟಿದ್ದಾರೆ.

ಇಲ್ಲಿ ಒಂದು ಗೆರೆಯನ್ನೂ ಎಳೆಯಬೇಕು. ಹೇಳಬೇಕಾದದ್ದು ಯಾರಿಗೆ? ಒಡಹುಟ್ಟಿದವರಿಗೆ, ಚಿಕ್ಕಪ್ಪ ದೊಡ್ಡಪ್ಪ ಸೋದರಮಾವ ಅತ್ತೆಯರ ಮಕ್ಕಳಿಗೆ, ಮದುವೆಯಾಗಿ ಬರುವವರಿಗೆ. ಪ್ರಸಾದದ ಸಾಲಿನಲ್ಲಿ ನಿಂತವರಿಗೆಲ್ಲ ಅಲ್ಲ. ಕೇಳಿಸಿಕೊಂಡ ನೆಂಟರಿಗೂ ತಮ್ಮ ಪರೀಕ್ಷೆ ಮಾಡಿಸಿಕೊಳ್ಳದೆ ಇರುವ ಹಕ್ಕಿದೆ. "ನಮ್ಮ ಮನೆಯಲ್ಲಿ ಇಂಥ ಹೆಸರಿನ ಕಾಯಿಲೆ ಕಾಣಿಸಿದೆ, ವೈದ್ಯರ ಚೀಟಿ ಇಲ್ಲಿದೆ, ನಿಮಗೆ ಬೇಕಾದರೆ ವಿಚಾರಿಸಿ" ಎಂದು ಹೇಳುವಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತು. ಬಾಗಿಲು ತೋರಿಸುವುದು ನಮ್ಮದು, ಒಳಗೆ ಹೋಗುವುದು ಬಿಡುವುದು ಅವರದು.

ಎರಡನೆಯ ಆಕ್ಷೇಪಣೆ ಹಣದ್ದು. ನಲವತ್ತೆರಡೂವರೆ ಲಕ್ಷ ಡಾಲರಿನ ಚಿಕಿತ್ಸೆ ಯಾರ ಕೈಗೆ ಎಟುಕುತ್ತದೆ? ಇಲ್ಲಿ ಇನ್ಶೂರೆನ್ಸ್ ಒಪ್ಪಬೇಕು, ಭಾರತದಲ್ಲಂತೂ ಆ ಮೊತ್ತ ಕನಸು. ಭಾರತ ಸರ್ಕಾರ 2021ರಲ್ಲಿ ಅಪರೂಪದ ಕಾಯಿಲೆಗಳಿಗೆ ರಾಷ್ಟ್ರೀಯ ನೀತಿ ತಂದು, 2022ರಲ್ಲಿ ನೆರವಿನ ಮಿತಿಯನ್ನು ರೋಗಿಗೆ 50 ಲಕ್ಷ ರೂಪಾಯಿಗೆ ಏರಿಸಿತು. ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರಗಳು ಸೇರಿ ಆ ನೀತಿಯ ಒಂದು ಉತ್ಕೃಷ್ಟತಾ ಕೇಂದ್ರವಾಗಿವೆ. ಐವತ್ತು ಲಕ್ಷಕ್ಕೆ ಜೀನ್ ಚಿಕಿತ್ಸೆ ಬರುವುದಿಲ್ಲ. ಒಂದೇ ಕಾಯಿಲೆಯ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಹುಟ್ಟಿದ ದೇಶದಿಂದ ಜೀವ ಸಿಕ್ಕುವುದು ಅನ್ಯಾಯವೇ. ನಾವು ಎಷ್ಟು ಮುಕ್ತವಾಗಿ ಮಾತಾಡಿದರೂ ಆ ಅನ್ಯಾಯ ಅದರಿಂದ ಸರಿಹೋಗದು. ಆದರೆ ಮೊದಲೇ ತಿಳಿದರೆ ಇರುವ ದಾರಿ ಜೀನ್ ಚಿಕಿತ್ಸೆಯೊಂದೇ ಅಲ್ಲ. ಗೋಶೆಯಂಥ ಕಾಯಿಲೆಗೆ ಕಿಣ್ವವನ್ನೇ ಔಷಧವಾಗಿ ಕೊಡುವ ಚಿಕಿತ್ಸೆ 1991ರಿಂದ ಇದೆ, ಹರ್ಲರ್‌ಗೆ ಬೇಗ ಮಾಡಿದರೆ ಮೂಳೆಮಜ್ಜೆಯ ಕಸಿ ನೆರವಾಗುತ್ತದೆ. ಗರ್ಭದಲ್ಲಿ ಪರೀಕ್ಷಿಸುವ ಅವಕಾಶವಿದೆ. ಅದರ ಮುಂದಿನ ನಿರ್ಧಾರ ಆ ದಂಪತಿಯದು, ಹೊರಗಿನವರ ಉಪದೇಶಕ್ಕೆ ಅಲ್ಲಿ ಜಾಗವಿಲ್ಲ. ಅಮೆರಿಕದಲ್ಲಿ ಮಗು ಹುಟ್ಟಿದಾಗ ಹಿಮ್ಮಡಿಯಿಂದ ತೆಗೆಯುವ ಹನಿ ರಕ್ತದಲ್ಲಿ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರ ಶಿಫಾರಸು ಮಾಡುವ ಪಟ್ಟಿಗೆ ಪಾಂಪೆ 2015ರಲ್ಲಿ, ಹರ್ಲರ್ 2016ರಲ್ಲಿ, ಹಂಟರ್ 2022ರಲ್ಲಿ, ಕ್ರಾಬೆ 2024ರಲ್ಲಿ ಸೇರಿವೆ. ಪಟ್ಟಿ ಹೇಗೇ ಇರಲಿ, ಯಾವುದನ್ನು ಪರೀಕ್ಷಿಸಬೇಕೆಂದು ಕೊನೆಗೆ ತೀರ್ಮಾನಿಸುವುದು ಆಯಾ ರಾಜ್ಯ. ಮನೆತನದ ಚರಿತ್ರೆ ಗೊತ್ತಿದ್ದರೆ ಪಟ್ಟಿಯಲ್ಲಿಲ್ಲದ ಕಾಯಿಲೆಯನ್ನೂ ಕೇಳಿ ಪರೀಕ್ಷಿಸಿಕೊಳ್ಳಬಹುದು.

ಮೂರನೆಯದು, ಕರ್ಮದ ಮಾತು. "ಹಣೆಯಲ್ಲಿ ಬರೆದದ್ದು ತಪ್ಪೀತೇ?" ಕರ್ಮಸಿದ್ಧಾಂತವನ್ನು ಇಲ್ಲಿ ಚರ್ಚಿಸುವಷ್ಟು ಪಾಂಡಿತ್ಯ ನಮಗಿಲ್ಲ. ಒಂದನ್ನು ಮಾತ್ರ ಹೇಳಬಹುದು. ಕರ್ಮ ಎಂದರೆ ಮಾಡಿದ್ದು ಮಾತ್ರವಲ್ಲ, ಮಾಡಬೇಕಾದದ್ದೂ ಹೌದು. ಬಂದದ್ದನ್ನು ಸಹಿಸಲು ಆ ಮಾತು ಶಕ್ತಿ ಕೊಟ್ಟರೆ ಒಳ್ಳೆಯದು. ಮುಂದೆ ಮಾಡಬೇಕಾದದ್ದನ್ನು ಬಿಡಲು ಅದು ನೆಪವಾದರೆ ಒಳ್ಳೆಯದಲ್ಲ.

ಇದರಲ್ಲಿ ಯಾವುದನ್ನೂ "ಇಂಥ ಮಕ್ಕಳು ಹುಟ್ಟಲೇಬಾರದಿತ್ತು" ಎಂದು ಓದಿಕೊಳ್ಳಬಾರದಾಗಿ ವಿನಂತಿ. ಕಾಯಿಲೆಯ ಮಗು ಮನೆತನದ ಕಳಂಕವಲ್ಲ, ಮನೆತನದ ಮಗು. ಅದನ್ನು ಮುಚ್ಚಿಡುವಾಗಲೇ ನಾವು ಅದಕ್ಕೆ ಕಳಂಕದ ಹೆಸರು ಕೊಡುತ್ತೇವೆ.

ನಮ್ಮಲ್ಲಿ ಅನೇಕರು ರಜೆಗೆ ಊರಿಗೆ ಹೋಗುತ್ತೇವೆ. ಅಜ್ಜಿಯಂದಿರು, ದೊಡ್ಡಮ್ಮಂದಿರು ಇನ್ನೂ ಇದ್ದಾರೆ. ಊಟವಾದ ಮೇಲೆ ಜಗಲಿಯಲ್ಲಿ ಕೂತಾಗ ಒಂದು ಸಣ್ಣ ಪುಸ್ತಕ ಹಿಡಿದು ಕೇಳಬಹುದು. ನಿಮಗೆಷ್ಟು ಜನ ಮಕ್ಕಳು, ಉಳಿಯದೆ ಹೋದವರು ಯಾರು, ಎಷ್ಟು ವಯಸ್ಸಿಗೆ, ನಡೆಯುತ್ತಿದ್ದ ಮಗು ನಡಿಗೆ ಬಿಟ್ಟಿತ್ತೇ, ಹೊಟ್ಟೆ ಊದಿತ್ತೇ, ಕಣ್ಣು ಮಂಜಾಗಿತ್ತೇ? ಮೊದಲು ಅವರು ಮಾತು ತಿರುಗಿಸಬಹುದು. ಒತ್ತಾಯ ಮಾಡದೆ ಕಾದರೆ ಹೇಳುತ್ತಾರೆ. ಬರೆದುಕೊಂಡದ್ದನ್ನು ಒಡಹುಟ್ಟಿದವರಿಗೂ ಕಳಿಸಿ, ನಮ್ಮ ನಮ್ಮ ವೈದ್ಯರಿಗೂ ತೋರಿಸಿದರೆ ಸಾಕು. ಅದಕ್ಕೆ ದುಡ್ಡು ಬೇಡ, ಇನ್ಶೂರೆನ್ಸ್ ಬೇಡ.

ಎಳೆಯ ವಯಸ್ಸಿನಲ್ಲಿ ಹೋದ ಮಕ್ಕಳಿಗೆ ನಮ್ಮ ಬಹುತೇಕ ಮನೆಗಳಲ್ಲಿ ಶ್ರಾದ್ಧವಿಲ್ಲ, ಗೋಡೆಯ ಮೇಲೆ ಪಟವಿಲ್ಲ. ಹೆತ್ತವಳ ನೆನಪಿನಲ್ಲಿ ಮಾತ್ರ ಉಳಿದು, ಅವಳೊಂದಿಗೇ ಹೋಗಿಬಿಡುತ್ತಾರೆ. ಆ ಪುಸ್ತಕದಲ್ಲಿ ಅವರ ಹೆಸರನ್ನೂ ಮರೆಯದೆ ಬರೆಯೋಣ. ಹೆಸರಿಡುವ ಮೊದಲೇ ಹೋದ ಮಗುವಾದರೆ, ಇಂಥವರ ಮಗು ಎಂದಾದರೂ ಬರೆಯೋಣ.